ಸಂಚಾರಿ ಗೃಹಗಳೂ ಆಕಾಶಮಾರ್ಗದ ವಾರ್ತೆಯೂ

ಮೈಸೂರಿನಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಹುಣಸೂರಿನಲ್ಲಿ ಲಕ್ಷ್ಮಣತೀರ್ಥವನ್ನು ದಾಟಿ, ಪಿರಿಯಾಪಟ್ಟಣವನ್ನು ಹಾದು, ಬೈಲಕುಪ್ಪೆಯ ಆಚೆ ಕಾವೇರಿಯನ್ನು ದಾಟಿ ಕೊಡಗಿನ ಬೆಟ್ಟಗಳತ್ತ ಏರುತ್ತದೆ. ಆ ಹೆದ್ದಾರಿಯ ಈಶಾನ್ಯಕ್ಕೆ ಕಾವೇರಿಯ ನಾಲೆಗಳಿಂದ ತಂಪಾದ ಕೃಷ್ಣರಾಜನಗರದ ಭತ್ತದ ಬಯಲು. ದಕ್ಷಿಣಕ್ಕೆ ಕಪಿಲೆಯ ದಂಡೆಯ ಹೆಗ್ಗಡದೇವನಕೋಟೆಯ ಅರಣ್ಯ. ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯನ್ನು ಬರೆದವರು ಪ್ರಾಯಶಃ ನೆಲೆನಿಂತವರ ಚರಿತ್ರೆಯನ್ನೇ ಬರೆದಿದ್ದಾರೆ: ಪಾಳೆಯಗಾರರ ಕೋಟೆ, ದೇವಾಲಯದ ಶಾಸನ, ಅಣೆಕಟ್ಟು, ಭತ್ತ, ಹೊಗೆಸೊಪ್ಪು. ಆದರೆ ಇದೇ ನೆಲದ ಮೇಲೆ, ಇದೇ ಹಾದಿಗಳಲ್ಲಿ, ಗಾಡಿಯ ಕಮಾನಿನ ಕೆಳಗೆ, ಡೇರೆಯ ಬಟ್ಟೆಯ ಕೆಳಗೆ, ಈಚೆಗೆ ನೀಲಿಯ ಟಾರ್ಪಾಲಿನ ಕೆಳಗೆ ಬಾಳನ್ನು ಸಾಗಿಸಿದ ಜನ ಯಾವ ಕಾಲದಲ್ಲೂ ಇಲ್ಲದೆ ಇರಲಿಲ್ಲ. ಮನೆಯನ್ನೇ ಜೊತೆಯಲ್ಲಿ ಒಯ್ಯುವ ಇಂಥ ಜನಕ್ಕೆ ಲೋಕದ ವಾರ್ತೆ, ಹಾಡು, ಚಿತ್ರ ಇವು ಯಾವ ಮಾರ್ಗದಿಂದ ತಲುಪಿದುವು, ಯಾವಾಗ ತಲುಪದೆ ಹೋದುವು ಎಂಬುದನ್ನು ವಿಚಾರಿಸುವುದೇ ಈ ಬರಹದ ಉದ್ದೇಶ.

ಪ್ರಶ್ನೆ ಇಂದು ಹೊಸದೆಂದು ತೋರಬಹುದು. ಅಮೆರಿಕ ಮೊದಲಾದ ದೇಶಗಳಲ್ಲಿ ಸ್ಥಿರವಾದ ಮನೆಯನ್ನು ಮಾರಿ, ಮೋಟಾರು ಮನೆಯಲ್ಲಿ ವರ್ಷಪೂರ್ತಿ ವಾಸಿಸುತ್ತಾ ಊರಿಂದೂರಿಗೆ ಸಾಗುವ ಕುಟುಂಬಗಳು, ಪ್ರತಿ ತಂಗುದಾಣದಲ್ಲಿಯೂ ಇಂಟರ್ನೆಟ್ಟನ್ನೂ ದೂರದರ್ಶನವನ್ನೂ ಹೇಗೆ ಪಡೆಯಬೇಕೆಂಬ ಚಿಂತೆಯಲ್ಲಿ ಬಹಳ ಶ್ರಮವನ್ನೂ ಹಣವನ್ನೂ ವ್ಯಯಮಾಡುತ್ತಿವೆ. ಅವರದು ಬಹುಮಟ್ಟಿಗೆ ಸ್ವಇಚ್ಛೆಯ ಸಂಚಾರ. ನಮ್ಮ ಕಡೆಯವರದಾದರೋ ಕುಲವೃತ್ತಿಯ, ಹೊಟ್ಟೆಪಾಡಿನ, ಕೆಲವೊಮ್ಮೆ ದೇಶಭ್ರಷ್ಟತೆಯ ಸಂಚಾರ. ಕಾರಣಗಳು ಬೇರೆಯಾದರೂ ಇಬ್ಬರ ಮುಂದಿರುವ ತೊಡಕು ಒಂದೇ: ವಾರ್ತೆಯನ್ನು ಹಂಚುವ ವ್ಯವಸ್ಥೆಯು ಮನೆಗೆ ವಿಳಾಸವೊಂದಿದೆಯೆಂದೂ, ಆ ವಿಳಾಸ ನಾಳೆಯೂ ಅಲ್ಲಿಯೇ ಇರುವುದೆಂದೂ ಭಾವಿಸಿಕೊಂಡು ನಿರ್ಮಿತವಾದದ್ದು.

ಹುಣಸೂರಿಗೂ ಚಲಿಸುವ ಮನೆಗೂ ಇರುವ ಸಂಬಂಧ ಆಕಸ್ಮಿಕವಾದುದಲ್ಲ. ಅಮೃತಮಹಲ್ ರಾಸುಗಳ ಪಾಲನೆಗೆ ಈ ಊರು ಒಂದು ಕಾಲಕ್ಕೆ ಕೇಂದ್ರವಾಗಿತ್ತು. ಸೈನ್ಯಕ್ಕೆ ಬೇಕಾದ ಸಾಮಗ್ರಿಗಳಿಗಾಗಿ ಇಂಗ್ಲಿಷರು ಇಲ್ಲಿ ಚರ್ಮ ಹದಮಾಡುವ ಕಾರ್ಖಾನೆಯನ್ನೂ, ಕಂಬಳಿಯ ಕಾರ್ಖಾನೆಯನ್ನೂ, ಮರದ ಕೊಠಿಯನ್ನೂ ನಡೆಸುತ್ತಿದ್ದರು. 1864ರಲ್ಲಿ ಅವು ಮುಚ್ಚಿಹೋದರೂ ಅಲ್ಲಿ ಪಳಗಿದ ಕೈಗಳು ಊರಿನಲ್ಲಿಯೇ ಉಳಿದುದರಿಂದ, ಹುಣಸೂರಿನ ಪಾದರಕ್ಷೆ, ಕಂಬಳಿ ಮತ್ತು ಎತ್ತಿನ ಗಾಡಿಗಳು ಸೀಮೆಯಲ್ಲೆಲ್ಲ ಹೆಸರಾದುವು. ಗಟ್ಟಿಯಾದ ಗುಂಬ, ಅಳತೆ ತಪ್ಪದ ಅರ, ಕಬ್ಬಿಣದ ಪಟ್ಟೆ, ಮೇಲೆ ಬಿದಿರಿನ ಕಮಾನು, ಒಳಗೆ ಹುಲ್ಲಿನ ಹಾಸು, ಅಡಿಯಲ್ಲಿ ತೂಗುವ ಲಾಟೀನು: ಇಷ್ಟು ಸಿದ್ಧವಾದರೆ ಒಂದು ಸಂಸಾರ ತಿಂಗಳುಗಟ್ಟಲೆ ಹಾದಿಯಲ್ಲಿಯೇ ಉಂಡು ಮಲಗಬಹುದಾಗಿತ್ತು.

ಈ ಗಾಡಿಗಳೆಲ್ಲ ಒಂದೆಡೆ ಕೂಡುತ್ತಿದ್ದುದನ್ನು ಕಾಣಬೇಕಾದರೆ ಕೃಷ್ಣರಾಜನಗರ ತಾಲ್ಲೂಕಿನ ಚುಂಚನಕಟ್ಟೆಗೆ ಹೋಗಬೇಕಾಗಿತ್ತು. ಕಾವೇರಿಯು ಬಂಡೆಗಳ ಮೇಲಿಂದ ಧುಮುಕುವ ಆ ಸ್ಥಳದಲ್ಲಿ, ಕೋದಂಡರಾಮನ ಸನ್ನಿಧಿಯಲ್ಲಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಸೇರುವ ದನಗಳ ಜಾತ್ರೆ ಹಳೆಯ ಮೈಸೂರು ಸೀಮೆಯ ಹೆಸರಾಂತ ಜಾತ್ರೆಗಳಲ್ಲೊಂದು. ರಾಸುಗಳನ್ನು ಕಟ್ಟಿದ ಸಾಲುಗಳ ನಡುವೆ ಗಾಡಿಗಳೇ ಮನೆಗಳಾಗಿ, ಒಲೆ ಹೂಡಿ, ಹಲವು ದಿನಗಳ ಮಟ್ಟಿಗೆ ಅಲ್ಲೊಂದು ಊರೇ ಹುಟ್ಟುತ್ತಿತ್ತು. ಎತ್ತಿನ ಹಲ್ಲು, ಸುಳಿ, ಬೆಲೆಗಳ ಮಾತಿನ ಜೊತೆಯಲ್ಲಿಯೇ ಯಾವ ಸೀಮೆಯಲ್ಲಿ ಮಳೆ ಹೋಯಿತು, ಎಲ್ಲಿ ಕಾಲುಬಾಯಿ ಜ್ವರ ಬಂದಿದೆ, ಯಾರ ಮನೆಯಲ್ಲಿ ಕನ್ಯೆ ಇದ್ದಾಳೆ ಎಂಬ ಸುದ್ದಿಗಳೂ ಕೈಬದಲಾಗುತ್ತಿದ್ದುವು. ಜಾತ್ರೆಯಿಂದ ಹಿಂತಿರುಗಿದವನು ಜೋಡಿ ಎತ್ತುಗಳನ್ನು ತಂದಷ್ಟೇ ನಿಶ್ಚಯವಾಗಿ ಒಂದು ವರ್ಷಕ್ಕೆ ಸಾಲುವಷ್ಟು ವರ್ತಮಾನವನ್ನೂ ಊರಿಗೆ ತರುತ್ತಿದ್ದನು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಆ ಕಾಲದಲ್ಲಿ ವಾರ್ತೆಗಾಗಿ ಕಾದುಕೊಂಡಿದ್ದವರು ನೆಲೆನಿಂತವರು. ವಾರ್ತೆಯನ್ನು ಹೊತ್ತು ತರುತ್ತಿದ್ದವರು ಅಲೆಮಾರಿಗಳು. ಒಕ್ಕಲುಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದು, ಸುಗ್ಗಿಯಲ್ಲಿ ಮನೆಯ ಮುಂದೆ ನಿಂತು ಮುತ್ತಜ್ಜನ ಹೆಸರಿನಿಂದ ಹಿಡಿದು ಓದಿ ಹೇಳುತ್ತಿದ್ದ ಹೆಳವರು, ಎತ್ತಿಗೆ ಜೂಲು ಹೊದಿಸಿ ಬರುವ ಕೋಲೆ ಬಸವದವರು, ಮುಂಜಾನೆಯಲ್ಲಿ ಶಕುನ ನುಡಿಯುವ ಬುಡಬುಡಿಕೆಯವರು, ದಿನಕ್ಕೊಂದು ವೇಷ ಕಟ್ಟುವ ಹಗಲುವೇಷದವರು, ಮಂಟೇಸ್ವಾಮಿಯ ಕಥೆಯನ್ನು ತಂಬೂರಿಗೆ ಹೊಂದಿಸಿ ಹಾಡುವ ನೀಲಗಾರರು, ಮಾದಪ್ಪನ ಮಹಿಮೆಯನ್ನು ತಾಳಕ್ಕೆ ಕುಣಿದು ಹಾಡುವ ಕಂಸಾಳೆಯವರು: ಇವರೆಲ್ಲರೂ ಸೇರಿ ಒಂದು ಸೀಮೆಯ ಸ್ಮೃತಿ, ಧರ್ಮ, ವಿನೋದ ಮತ್ತು ವರ್ತಮಾನಗಳನ್ನು ಊರಿಂದೂರಿಗೆ ಸಾಗಿಸುತ್ತಿದ್ದರು. ಅವರಿಗೆ ಕೊಡುತ್ತಿದ್ದ ಒಂದು ಮೊರ ರಾಗಿಯನ್ನು ಭಿಕ್ಷೆಯೆಂದು ಬಗೆಯುವುದು ಸರಿಯಲ್ಲ. ಅವರು ಮಾಡಿದ ಕಾರ್ಯಕ್ಕೆ ಊರು ಸಲ್ಲಿಸಿದ ಸಂಭಾವನೆ ಅದು.

ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಇದೇ ಕಾರ್ಯವನ್ನು ಮತ್ತೂ ದೊಡ್ಡ ಪ್ರಮಾಣದಲ್ಲಿ ಮಾಡಿದುವು ನಾಟಕದ ಕಂಪೆನಿಗಳೂ ಟೂರಿಂಗ್ ಟಾಕೀಸುಗಳೂ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ ಮುಂದೆ ವೀರಣ್ಣನವರ ಕೈಯಲ್ಲಿ ಬೆಳೆದ ಕಂಪೆನಿಯೇ ಮೊದಲಾಗಿ, ಹಳೆಯ ಮೈಸೂರಿನ ನಾಟಕ ಮಂಡಲಿಗಳು ಪರದೆ, ಕಿರೀಟ, ಹಾರ್ಮೋನಿಯಂ, ಅಡಿಗೆಯ ಪಾತ್ರೆ, ಹೆಂಡಿರು ಮಕ್ಕಳು ಸಮೇತವಾಗಿ ಒಂದು ಊರಿನಿಂದ ಇನ್ನೊಂದು ಊರಿಗೆ ಸಾಗುತ್ತಿದ್ದುವು. ಒಂದೊಂದು ಊರಿನ ವಾಸವನ್ನು ಅವರು ಕ್ಯಾಂಪ್ ಎಂದು ಕರೆಯುತ್ತಿದ್ದರು. ಈ ನಾಲ್ಕು ತಾಲ್ಲೂಕು ಕೇಂದ್ರಗಳಲ್ಲಿ ಮೈಸೂರು–ಅರಸೀಕೆರೆ ರೈಲುಮಾರ್ಗದ ಮೇಲಿರುವುದು ಕೃಷ್ಣರಾಜನಗರವೊಂದೇ. ಉಳಿದ ಮೂರಕ್ಕೆ ಇಂದಿಗೂ ರೈಲಿಲ್ಲ. ಆದುದರಿಂದ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಡೆಗೆ ಬರುವ ಯಾವ ಮಂಡಲಿಯಾದರೂ ಗಾಡಿಗಳಲ್ಲಿ, ಅನಂತರ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಬರಬೇಕಾಗಿತ್ತು.

ಟಾಕೀಸಿನದು ಇನ್ನೂ ವಿಶೇಷ. ಊರ ಹೊರಗಿನ ಬಯಲಿನಲ್ಲಿ ಎತ್ತರದ ಕಂಬಗಳ ಮೇಲೆ ಡೇರೆಯನ್ನೆತ್ತಿ, ಎಣ್ಣೆಯ ಎಂಜಿನ್ನಿನಿಂದ ವಿದ್ಯುತ್ತನ್ನು ತಾವೇ ಉತ್ಪಾದಿಸಿಕೊಂಡು, ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳಲ್ಲಿ ಜನರನ್ನು ಕೂರಿಸಿ, ಸಂಜೆ ದೇವರ ಸ್ತುತಿಯ ತಟ್ಟೆಯೊಂದನ್ನು ಧ್ವನಿವರ್ಧಕದಲ್ಲಿ ನುಡಿಸಿದರೆಂದರೆ, ಸುತ್ತಲಿನ ಹಳ್ಳಿಗಳ ಜನ ಆಟಕ್ಕೆ ವೇಳೆಯಾಯಿತೆಂದು ಹೆಜ್ಜೆ ಬೇಗಬೇಗ ಹಾಕುತ್ತಿದ್ದರು. 1948ರಲ್ಲಿ ಫಿಲಂಸ್ ಡಿವಿಷನ್ ಸ್ಥಾಪಿತವಾದ ಮೇಲೆ ಕಥಾಚಿತ್ರಕ್ಕೆ ಮುನ್ನ ವಾರ್ತಾಚಿತ್ರವನ್ನು ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಯಿತು. ಅಣೆಕಟ್ಟುಗಳ ಶಂಕುಸ್ಥಾಪನೆ, ಪ್ರಧಾನಿಯ ವಿದೇಶಯಾತ್ರೆ, ಪ್ರವಾಹ, ಕ್ರಿಕೆಟ್ಟು: ವಿದ್ಯುತ್ತಿನ ಕಂಬವನ್ನೇ ಕಾಣದ ಹಳ್ಳಿಯವನು ಇವನ್ನು ಮೊದಲು ಕಣ್ಣಾರೆ ಕಂಡದ್ದು ಈ ಸಂಚಾರಿ ಡೇರೆಗಳಲ್ಲಿಯೇ. ಮನೆ ಚಲಿಸಿದ್ದರಿಂದ ಚಿತ್ರವೂ ಚಲಿಸಿತು. ಆ ಚಿತ್ರ ನಿಂತ ಊರುಗಳಿಗೆ ಲೋಕದ ದರ್ಶನವಾಯಿತು.

ಹೀಗೆ ಸಂಚರಿಸುವವರನ್ನು ಅಂದಿನ ಅಂಚೆಯೂ ಮರೆತಿರಲಿಲ್ಲವೆಂಬುದನ್ನು ಸ್ಮರಿಸಬೇಕು. ಮೈಸೂರಿನ ಸ್ವಂತ ಅಂಚೆ 1889ರಲ್ಲಿ ಇಂಡಿಯಾ ಅಂಚೆಯಲ್ಲಿ ಲೀನವಾಯಿತು. ಸ್ಥಿರವಾದ ವಿಳಾಸವಿಲ್ಲದವನ ಹೆಸರಿಗೆ ಬಂದ ಕಾಗದವನ್ನು ಅಂಚೆ ಕಛೇರಿಯಲ್ಲಿಯೇ ನಿಯಮಿತ ದಿನಗಳವರೆಗೆ ಇಟ್ಟುಕೊಂಡಿದ್ದು, ಅವನೇ ಬಂದು ಕೇಳಿದಾಗ ಕೊಡುವ ಏರ್ಪಾಟು ಆ ಇಲಾಖೆಯಲ್ಲಿ ಬಹುಕಾಲದಿಂದಲೂ ಉಂಟು. ವಿಳಾಸವಿಲ್ಲದಿರುವುದು ಅಪರಾಧವಲ್ಲ, ಅದು ಬದುಕಿನ ಒಂದು ಕ್ರಮ ಎಂಬುದನ್ನು ಒಪ್ಪಿಕೊಂಡ ಏರ್ಪಾಟು ಅದು. ಅನಂತರ ಬಂದ ಯಂತ್ರಗಳ ಯುಗ ಈ ಔದಾರ್ಯವನ್ನು ಬಹಳ ಕಾಲ ಕಲಿಯಲಿಲ್ಲ.

ಆ ಯುಗ ನಮ್ಮ ಸೀಮೆಗೆ ಬಂದದ್ದು ಒಬ್ಬ ಅಧ್ಯಾಪಕರ ಮನೆಯಿಂದ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ನಿವಾಸದಿಂದಲೇ ಸಣ್ಣ ಪ್ರೇಷಕ ಯಂತ್ರವೊಂದರ ಸಹಾಯದಿಂದ ಪ್ರಸಾರವನ್ನು ಆರಂಭಿಸಿದರು. ಆಕಾಶವಾಣಿಯೆಂಬ ಹೆಸರು ಆ ಮನೆಯಿಂದಲೇ ಹೊರಟು ಮುಂದೆ ದೇಶದ ಬಾನುಲಿಯ ಹೆಸರಾಯಿತು. 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಸರ್ಕಾರವು ಈ ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರಕ್ಕೆ ಸೇರಿತು. 1955ರ ನವೆಂಬರಿನಲ್ಲಿ ಪ್ರಸಾರವು ಬೆಂಗಳೂರಿಗೆ ವರ್ಗವಾಯಿತು. ಅಲೆಗಳು ಆಕಾಶದಲ್ಲಿ ಹರಡುವಾಗ ಮಾಳಿಗೆಯ ಮನೆಯೆಂದೂ ಕಮಾನು ಗಾಡಿಯೆಂದೂ ಭೇದವೆಣಿಸುವುದಿಲ್ಲ. ಆದರೆ ಅವನ್ನು ಹಿಡಿಯುವ ಪೆಟ್ಟಿಗೆ ಹಾಗಿರಲಿಲ್ಲ. ಕವಾಟಗಳ (ವಾಲ್ವುಗಳ) ಹಳೆಯ ರೇಡಿಯೋಗೆ ವಿದ್ಯುತ್ ಸಂಪರ್ಕ ಬೇಕು. ಇಲ್ಲವಾದರೆ 90 ವೋಲ್ಟಿನ ಭಾರವಾದ ಒಣ ಬ್ಯಾಟರಿ ಬೇಕು. ಮಾಡಿನ ಮೇಲೆ ಉದ್ದನೆಯ ಏರಿಯಲ್ ತಂತಿ, ನೆಲದಲ್ಲಿ ಹೂತ ಭೂಸಂಪರ್ಕ, ಕದಲಿಸಿದರೆ ಕೆಡುವ ಗಾಜಿನ ಕವಾಟಗಳು: ಇಷ್ಟೂ ಇದ್ದುದರಿಂದ ಅದು ಗೋಡೆಗೆ ಒರಗಿ ನಿಂತ ಮನೆಯ ವಸ್ತುವಾಯಿತೇ ಹೊರತು ಹಾದಿಯ ವಸ್ತುವಾಗಲಿಲ್ಲ.

ಇದರ ಮೇಲೆ ಲೈಸೆನ್ಸು. ರೇಡಿಯೋ ಇಟ್ಟುಕೊಳ್ಳುವವನು ಅಂಚೆ ಕಛೇರಿಯಲ್ಲಿ ಹಣ ಕಟ್ಟಿ, ಹೆಸರು ವಿಳಾಸಗಳನ್ನು ಬರೆಯಿಸಿ, ಸಣ್ಣ ಪುಸ್ತಕವೊಂದನ್ನು ಪಡೆದು, ಪ್ರತಿವರ್ಷವೂ ಅದನ್ನು ನವೀಕರಿಸಿಕೊಳ್ಳಬೇಕಾಗಿತ್ತು. 1980ರ ದಶಕದಲ್ಲಿ ಈ ಪದ್ಧತಿ ರದ್ದಾಗುವವರೆಗೂ, ಊರಿಲ್ಲದವನಿಗೆ ಕಾನೂನಿನ ಪ್ರಕಾರ ಕೇಳುವ ಹಕ್ಕೂ ಸುಲಭವಾಗಿ ದೊರೆಯುವಂತಿರಲಿಲ್ಲ. ಸಮುದಾಯ ಶ್ರವಣದ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳಿಗೆ ರೇಡಿಯೋಗಳು ಬಂದು, ಸಂಜೆ ಪಂಚಾಯಿತಿ ಕಟ್ಟೆಯ ಧ್ವನಿವರ್ಧಕದಲ್ಲಿ ಗ್ರಾಮಸ್ಥರ ಕಾರ್ಯಕ್ರಮ, ಪ್ರದೇಶ ಸಮಾಚಾರಗಳು ಕೇಳತೊಡಗಿದಾಗ, ಜಾತ್ರೆಯ ಗಾಡಿಯವನೂ ಕುರಿ ಮಂದೆಯವನೂ ದಾರಿಯಲ್ಲಿ ನಿಂತು ಕೇಳಿ ಮುಂದೆ ಸಾಗುತ್ತಿದ್ದರು. ಅವರಿಂದ ಸುದ್ದಿ ಕೇಳುತ್ತಿದ್ದ ಊರು ಈಗ ಅವರಿಗೇ ಸುದ್ದಿ ಹೇಳುವಂತಾಯಿತು. ಪುರಾತನ ಸಂಬಂಧವೊಂದು ಹೀಗೆ ಒಂದು ತಲೆಮಾರಿನೊಳಗೆ ತಲೆಕೆಳಗಾದುದನ್ನು ನಮ್ಮ ಚರಿತ್ರೆಕಾರರು ಸಾಕಷ್ಟು ಗಮನಿಸಿಲ್ಲ.

ಇಂಥ ಸಮಯದಲ್ಲಿಯೇ ಡೇರೆಯ ಬಾಳು ಇಡೀ ಒಂದು ಜನಾಂಗದ ಪಾಲಿಗೆ ಬಂದು, ಪಿರಿಯಾಪಟ್ಟಣ ತಾಲ್ಲೂಕಿನ ಅಂಚಿನಲ್ಲಿ ಬೀಡುಬಿಟ್ಟಿತು. 1959ರಲ್ಲಿ ದಲಾಯಿ ಲಾಮಾ ಅವರು ಲ್ಹಾಸಾವನ್ನು ತೊರೆದ ತರುವಾಯ ಅವರನ್ನು ಅನುಸರಿಸಿ ಬಂದ ಟಿಬೆಟನ್ನರಿಗೆ, ಅಂದಿನ ಮೈಸೂರು ಸರ್ಕಾರವು ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಕೊಟ್ಟಿತು. 1960ರ ಕೊನೆಯಿಂದ ತಂಡತಂಡವಾಗಿ ಬಂದವರು ಡೇರೆಗಳಲ್ಲಿಯೂ ಬಿದಿರಿನ ಗುಡಿಸಲುಗಳಲ್ಲಿಯೂ ವಾಸಿಸುತ್ತಾ, ಕಾಡು ಕಡಿದು, ಆನೆಗಳ ಭಯದಲ್ಲಿ ರಾತ್ರಿಗಳನ್ನು ಕಳೆದು, ಕಂಡರಿಯದ ಉಷ್ಣದೇಶದಲ್ಲಿ ಮುಸುಕಿನ ಜೋಳ ಬೆಳೆದರು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆ 1970ರ ದಶಕದ ಆರಂಭದಲ್ಲಿ ಉಂಟಾಯಿತು. ಹಿಮಾಲಯದಾಚೆ ಬಿಟ್ಟುಬಂದ ಬಂಧುಗಳ ಸ್ಥಿತಿಯೇನು ಎಂಬುದೊಂದೇ ಪ್ರಶ್ನೆ ಮನಸ್ಸನ್ನು ತುಂಬಿರುವ ಇಂಥ ಜನಕ್ಕೆ ರೇಡಿಯೋ ವಿನೋದದ ವಸ್ತುವಾಗಿರಲು ಸಾಧ್ಯವಿರಲಿಲ್ಲ. ಹ್ರಸ್ವತರಂಗದ ಅಲೆಗಳು ವಾಯುಮಂಡಲದ ಮೇಲಿನ ಅಯಾನುಗೋಲಕ್ಕೆ ತಾಗಿ ಮತ್ತೆ ಭೂಮಿಗೆ ಮರಳುವುದರಿಂದ, ಸಾವಿರಾರು ಮೈಲಿಗಳ ಆಚೆಯ ಪ್ರಸಾರವೂ ಬೈಲಕುಪ್ಪೆಯ ಹೊಲಗಳಲ್ಲಿ ಕೇಳಬಲ್ಲದು. ಆಕಾಶವಾಣಿಯ ವಿದೇಶ ವಿಭಾಗದ ಟಿಬೆಟನ್ ಪ್ರಸಾರವೂ, 1991ರಿಂದ ವಾಯ್ಸ್ ಆಫ್ ಅಮೆರಿಕದ ಟಿಬೆಟನ್ ಸೇವೆಯೂ ದೇಶಭ್ರಷ್ಟರ ಭಾಷೆಯನ್ನು ಗಡಿಗಳ ಮೇಲಿಂದ ಹಾಯಿಸಿದುವು. ಈ ಜನ ಮುಂದೆ ಗಟ್ಟಿ ಮನೆಗಳನ್ನು ಕಟ್ಟಿಕೊಂಡರೂ ಅವರ ಸಂಚಾರ ನಿಲ್ಲಲಿಲ್ಲ: ಚಳಿಗಾಲ ಬಂದೊಡನೆ ಅನೇಕ ಕುಟುಂಬಗಳು ಸ್ವೆಟರ್ ವ್ಯಾಪಾರಕ್ಕಾಗಿ ದೇಶದ ನಗರಗಳಿಗೆ ಹೊರಟು, ತಿಂಗಳುಗಳ ಕಾಲ ಬಾಡಿಗೆಯ ಕೋಣೆಗಳಲ್ಲಿಯೂ ಮಳಿಗೆಗಳ ಹಿಂದೆಯೂ ಬಾಳಿ ಮರಳುವುದು ಇಂದಿಗೂ ನಡೆದುಬಂದಿರುವ ರೂಢಿ.

ಸಂಚಾರಿಗಳ ಪಕ್ಷ ವಹಿಸಿದ ಮೊದಲ ಯಂತ್ರ ಟ್ರಾನ್ಸಿಸ್ಟರ್. ಕವಾಟದ ಸ್ಥಾನದಲ್ಲಿ ಬೆರಳ ತುದಿಯಷ್ಟಿರುವ ಅರೆವಾಹಕವು ಬಂದುದರಿಂದ, ಮೂರು ನಾಲ್ಕು ಸೆಲ್ಲುಗಳ ಬಲದಿಂದ, ತಂತಿಯೂ ಗೂಟವೂ ಇಲ್ಲದೆ, ಹೆಗಲಿಗೆ ತೂಗುಹಾಕಿಕೊಳ್ಳಬಹುದಾದ ರೇಡಿಯೋ ಹುಟ್ಟಿತು. 1960 ಮತ್ತು 70ರ ದಶಕಗಳಲ್ಲಿ ಅದು ನಮ್ಮ ಹಳ್ಳಿಗಳನ್ನು ವ್ಯಾಪಿಸಿತು. ಗಾಡಿಯ ಕೊಳಗಿಗೆ ಕಟ್ಟಿದ, ಸೈಕಲ್ಲಿನ ಹ್ಯಾಂಡಲಿಗೆ ತೂಗಿದ, ಕುರಿ ಕಾಯುವವನ ಕಂಬಳಿಯೊಳಗೆ ಮಲಗಿದ ಟ್ರಾನ್ಸಿಸ್ಟರು ಆ ಕಾಲದವರಿಗೆಲ್ಲ ಪರಿಚಿತ. ಮಧ್ಯಮ ತರಂಗದ ಅಲೆಗಳು ಹಗಲಿನಲ್ಲಿ ನೆಲವನ್ನು ಅನುಸರಿಸಿ ಸಮೀಪದ ನಿಲಯಗಳನ್ನೂ, ರಾತ್ರಿಯಲ್ಲಿ ಆಕಾಶದಿಂದ ಪ್ರತಿಫಲಿಸಿ ದೂರದ ನಿಲಯಗಳನ್ನೂ ತರುತ್ತಿದ್ದುದರಿಂದ, ಕತ್ತಲಾದ ಮೇಲೆ ಬಯಲಿನಲ್ಲಿ ತಂಗಿದವನಿಗೆ ಊರೊಳಗಿನವನಿಗಿಂತ ಸ್ಪಷ್ಟವಾಗಿ ರೇಡಿಯೋ ಸಿಲೋನು ಕೇಳುತ್ತಿದ್ದುದೂ ಉಂಟು. ಹೆಗ್ಗಡದೇವನಕೋಟೆಯ ಗಿರಿಜನ ಹಾಡಿಗಳಿಂದ ಕೊಡಗಿನ ಕಾಫಿತೋಟಗಳಿಗೆ ಕೂಲಿಗಾಗಿ ಹೋಗಿ ಲೈನುಮನೆಗಳಲ್ಲಿ ತಂಗುತ್ತಿದ್ದ ಜೇನುಕುರುಬರಿಗೂ ಯರವರಿಗೂ ದುಡಿಮೆಯ ಉಳಿತಾಯದಿಂದ ಕೊಳ್ಳಬಹುದಾದ ಲೋಕದ ಕಿಟಕಿ ಅದೊಂದೇ ಆಗಿತ್ತು. 1993ರಿಂದ ಮಡಿಕೇರಿಯ ಆಕಾಶವಾಣಿಯು ಎತ್ತರದ ಬೆಟ್ಟದ ಮೇಲಿಂದ ಎಫ್‌ಎಂ ಪ್ರಸಾರವನ್ನು ಆರಂಭಿಸಿದ ಮೇಲಂತೂ ಪಿರಿಯಾಪಟ್ಟಣದ ಬಯಲಿನವರೆಗೂ ಅದರ ಧ್ವನಿ ನಿರ್ಮಲವಾಗಿ ಹರಿದುಬಂತು.

ಆದರೆ ದೂರದರ್ಶನವು ಬಂದಾಗ ಗೋಡೆಗಳು ಮತ್ತೆ ಎದ್ದುವು. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಚಿತ್ರಗಳನ್ನು ಇಳಿಸಿದ ಮಹಾಪ್ರಯೋಗದಲ್ಲಿ ಕರ್ನಾಟಕದಿಂದ ಸೇರಿದ್ದುವು ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು. ಮೈಸೂರು ಜಿಲ್ಲೆ ಕಾಯಬೇಕಾಯಿತು. 1981ರ ನವೆಂಬರ್ 1ರಂದು ಬೆಂಗಳೂರಿನಲ್ಲಿ ದೂರದರ್ಶನ ಆರಂಭವಾಯಿತು. ಮುಂದಿನ ವರ್ಷವೇ ನಮ್ಮ ನೆರೆಯ ಹಾಸನದಲ್ಲಿ ಇನ್ಸಾಟ್ ಉಪಗ್ರಹಗಳನ್ನು ನಿಯಂತ್ರಿಸುವ ಕೇಂದ್ರವು ಕಾರ್ಯಾರಂಭ ಮಾಡಿತು. 1983ರಲ್ಲಿ ಇನ್ಸಾಟ್-1ಬಿ ಕಕ್ಷೆಯನ್ನು ಸೇರಿದ ಮೇಲೆ ಜಿಲ್ಲೆಜಿಲ್ಲೆಗಳಲ್ಲಿ ಮರುಪ್ರಸಾರದ ಗೋಪುರಗಳೆದ್ದುವು. ದೂರದರ್ಶನದ ಅಲೆಯು ಮಧ್ಯಮ, ಹ್ರಸ್ವ ತರಂಗಗಳ ರೇಡಿಯೋ ಅಲೆಯಂತೆ ಬಾಗಿ ಬಳಸಿ ಬರುವುದಿಲ್ಲ. ಗೋಪುರದಿಂದ ದೃಷ್ಟಿ ನೇರವಾಗಿ ಸಾಗಿದಷ್ಟು ದೂರಕ್ಕೆ ಮಾತ್ರ ಅದರ ವ್ಯಾಪ್ತಿ. ಆದುದರಿಂದ ಹುಣಸೂರು ಪಿರಿಯಾಪಟ್ಟಣಗಳ ಹೆಂಚಿನ ಮನೆಗಳ ಮೇಲೆ ಕಬ್ಬಿಣದ ಪೈಪುಗಳು ಎತ್ತರೆತ್ತರಕ್ಕೆ ಬೆಳೆದು, ಅವುಗಳ ತುದಿಯಲ್ಲಿ ಆಂಟೆನಾಗಳೂ ಬೂಸ್ಟರುಗಳೂ ನೆಲಸಿದುವು. 1987ರ ಭಾನುವಾರಗಳಂದು ರಾಮಾಯಣದ ವೇಳೆಗೆ ಟಿವಿಯಿದ್ದ ಮನೆಯ ಪಡಸಾಲೆಯಲ್ಲಿ ಊರೇ ಸೇರುತ್ತಿತ್ತು. ಬಯಲಿನ ಡೇರೆಯವರೂ ಬಂದು ಬಾಗಿಲ ಆಚೆ ನಿಂತು ನೋಡಿದರು. ಆದರೆ ವಿದ್ಯುತ್ತೂ ಎತ್ತರದ ಕಂಬವೂ ಇಲ್ಲದ ತಮ್ಮ ನೆಲೆಗೆ ಅದನ್ನು ಒಯ್ಯಲಾರದವರಾದರು. ಲಾರಿಯ ಬ್ಯಾಟರಿಗೆ ಜೋಡಿಸಿ ನಡೆಸುವ ಸಣ್ಣ ಕಪ್ಪುಬಿಳುಪಿನ ಪೆಟ್ಟಿಗೆಗಳು ಬಂದುವು, ನಿಜ. ಬ್ಯಾಟರಿ ಬರಿದಾದಾಗ ಅದನ್ನು ಪೇಟೆಗೆ ಹೊತ್ತು ತರುವುದೇ ಒಂದು ದಿನದ ಕೆಲಸವಾಗುತ್ತಿತ್ತು. ಇದೇ ವರ್ಷಗಳಲ್ಲಿ ಟೂರಿಂಗ್ ಟಾಕೀಸುಗಳ ಡೇರೆಗಳು ಒಂದೊಂದಾಗಿ ಇಳಿದುವು. ಚಲಿಸುವ ಚಿತ್ರಶಾಲೆಯನ್ನು ನಿಂತ ಮನೆಯ ಚಿತ್ರಪೆಟ್ಟಿಗೆ ನಿವಾರಿಸಿತು. ಆ ಡೇರೆಗಳನ್ನು ನೆಚ್ಚಿದ್ದ ಕುಟುಂಬಗಳು ಬೇರೆ ಕಸುಬುಗಳನ್ನು ಅರಸಿಕೊಂಡುವು.

ಈ ಗೋಡೆಗೆ ಮೊದಲ ಬಿರುಕನ್ನು ತಂದದ್ದು ತಟ್ಟೆಯಾಕಾರದ ಡಿಶ್. 2003ರ ತರುವಾಯ ಖಾಸಗಿ ಕಂಪೆನಿಗಳ ಡಿಟಿಎಚ್ ಸೇವೆಯೂ, 2004ರ ಡಿಸೆಂಬರಿನಿಂದ ಮಾಸಿಕ ಶುಲ್ಕವಿಲ್ಲದ ದೂರದರ್ಶನದ ಸ್ವಂತ ಸೇವೆಯೂ ಬಂದುವು. ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಜೊತೆಯಲ್ಲಿಯೇ ಸುತ್ತುತ್ತಾ ನಮ್ಮ ಕಣ್ಣಿಗೆ ಅಚಲವೆಂದು ತೋರುವ ಉಪಗ್ರಹಕ್ಕೆ ತಟ್ಟೆಯು ಎದುರಾಗಿದ್ದರೆ ಸಾಕು. ಊರಿನ ಗೋಪುರದ ಹಂಗಿಲ್ಲ, ಕೇಬಲ್ಲಿನ ಹಂಗಿಲ್ಲ. ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ದೂರದರ್ಶನದ ಉಪಗ್ರಹವನ್ನು ಹುಣಸೂರಿನಿಂದ ಹಿಡಿಯಬೇಕಾದವನು ತಟ್ಟೆಯನ್ನು ಆಗ್ನೇಯಕ್ಕೆ ತಿರುಗಿಸಿ ಚೆನ್ನಾಗಿ ಮೇಲಕ್ಕೆತ್ತಬೇಕು. ಸ್ಥಿರವಾದ ಮನೆಯವನಿಗೆ ಇದು ಒಮ್ಮೆ ಬಂದುಹೋಗುವ ಕೆಲಸಗಾರನ ಕೆಲಸ. ಸಂಚಾರಿಗೆ ಇದು ಪ್ರತಿ ಬೀಡಿನಲ್ಲಿಯೂ ತಾನೇ ಮಾಡಬೇಕಾದ ಕೆಲಸ. ಕೂದಲೆಳೆಯಷ್ಟು ಓರೆಯಾದರೂ ಚಿತ್ರವಿಲ್ಲ. ಮರದ ಕೊಂಬೆ ಅಡ್ಡವಾದರೂ ಇಲ್ಲ. ದಟ್ಟ ಮಳೆಯಲ್ಲಿ ಅಲೆಗಳ ಶಕ್ತಿ ಹೀರಲ್ಪಟ್ಟು ಚಿತ್ರ ಒಡೆಯುವುದೂ ಸಹಜ. ಹೀಗಿದ್ದರೂ ಕಬ್ಬು ಕಡಿಯಲು ಬಂದವರ, ರಸ್ತೆ ಕೆಲಸದವರ ಟಾರ್ಪಾಲಿನ ಗುಡಿಸಲುಗಳ ಪಕ್ಕದಲ್ಲಿ ಕಲ್ಲು ಹೇರಿ ನಿಲ್ಲಿಸಿದ ಡಿಶ್ಶುಗಳನ್ನು ಹಾದಿಹೋಕರು ನೋಡತೊಡಗಿದರು. ದಿಕ್ಸೂಚಿಯಿಲ್ಲದೆ, ಅನುಭವದಿಂದಲೇ ಅಗ್ನಿಮೂಲೆಯನ್ನು ಅಳೆದು ಉಪಗ್ರಹವನ್ನು ಹಿಡಿಯುವ ಆ ಕೂಲಿಕಾರರ ಜಾಣ್ಮೆ ಮನ್ನಣೆಗೆ ಅರ್ಹವಾದುದು.

ಇದಕ್ಕಿಂತ ಅಗಾಧವಾದ ಬದಲಾವಣೆ ಮೊಬೈಲು ಫೋನಿನದು. ತಂತಿಯ ದೂರವಾಣಿ ಮನೆಯನ್ನು ಹುಡುಕುತ್ತಿತ್ತು. ಮೊಬೈಲು ಮನುಷ್ಯನನ್ನು ಹುಡುಕುತ್ತದೆ. ಒಂದು ಗೋಪುರದ ಸೀಮೆಯಿಂದ ಇನ್ನೊಂದರ ಸೀಮೆಗೆ ದಾಟುವವನ ಜೊತೆಯಲ್ಲಿಯೇ ಸಂಪರ್ಕವೂ ದಾಟುವಂತೆ ರಚಿತವಾದ ಈ ವ್ಯವಸ್ಥೆಯು ಮೂಲತಃ ಸಂಚಾರಿಗಳಿಗಾಗಿಯೇ ಹುಟ್ಟಿದಂತಿದೆ. 2016ರ ತರುವಾಯ ಇಂಟರ್ನೆಟ್ಟಿನ ದರ ಇಳಿದು, ರೇಡಿಯೋ, ಚಲನಚಿತ್ರ, ವಾರ್ತೆ, ಪತ್ರ, ಹಣ ಇವೆಲ್ಲವೂ ಅಂಗೈಯಗಲದ ಫಲಕದಲ್ಲಿ ಸೇರಿದ ಮೇಲೆ, ಅಲೆಮಾರಿಯ ಬದುಕು ಹೇಗೆ ಮಾರ್ಪಟ್ಟಿತೆಂಬುದಕ್ಕೆ ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರಕ್ಕಿಂತ ಉತ್ತಮವಾದ ನಿದರ್ಶನ ದೊರೆಯಲಾರದು. ಅಲ್ಲಿರುವವರು ಹಕ್ಕಿಪಿಕ್ಕಿಗಳು, ವಾಗ್ರಿ ಭಾಷೆಯವರು, ಬಲೆ ಬೀಸಿ ಹಕ್ಕಿ ಹಿಡಿಯುತ್ತಾ ಕಾಡುಮೇಡುಗಳನ್ನು ಸುತ್ತಿದವರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಆ ಕಸುಬು ನಿಷಿದ್ಧವಾಗಲು, ಗಿಡಮೂಲಿಕೆಯ ತೈಲ, ಮಣಿಸರ, ಕೃತಕ ಹೂವುಗಳ ವ್ಯಾಪಾರವನ್ನು ಹಿಡಿದರು. ಊರು ಸಿಕ್ಕಿದರೂ ಕಾಲಿಗೆ ಅಭ್ಯಾಸವಾದ ಸಂಚಾರವನ್ನು ಬಿಡಲಿಲ್ಲ. ಕಡಲನ್ನು ದಾಟಿ ಆಫ್ರಿಕದ ದೇಶಗಳವರೆಗೂ ತೈಲದ ಸೀಸೆಗಳೊಡನೆ ಹೋದರು. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನಾಬಣಗಳ ಯುದ್ಧ ಭುಗಿಲೆದ್ದಾಗ, ಅಲ್ಲಿಯ ಅಲ್ ಫಾಶರ್ ನಗರದಲ್ಲಿ ಕರ್ನಾಟಕದ ಹಕ್ಕಿಪಿಕ್ಕಿಗಳು ಸಿಲುಕಿಕೊಂಡರು. ಅವರಲ್ಲಿ ಹುಣಸೂರಿನವರು ಅನೇಕರು. ಅನ್ನ ನೀರುಗಳಿಲ್ಲದೆ ಬಾಡಿಗೆಯ ಕೋಣೆಗಳಲ್ಲಿ ಅವಿತಿದ್ದವರು ತಮ್ಮ ಮೊಬೈಲಿನಿಂದಲೇ ಊರಿಗೂ ಪತ್ರಕರ್ತರಿಗೂ ಮೊರೆಯಿಟ್ಟರು. ಆ ಮೊರೆ ವಿಧಾನಸಭಾ ಚುನಾವಣೆಯ ಗದ್ದಲದ ನಡುವೆಯೂ ರಾಜ್ಯಕ್ಕೆ ಕೇಳಿಸಿತು, ದೆಹಲಿಗೆ ಕೇಳಿಸಿತು. ಏಪ್ರಿಲ್ 24ರಂದು ಆರಂಭವಾದ ಆಪರೇಷನ್ ಕಾವೇರಿಯಲ್ಲಿ ಅವರೂ ಇತರ ಭಾರತೀಯರೂ ಹಡಗು ವಿಮಾನಗಳಲ್ಲಿ ಸ್ವದೇಶವನ್ನು ಸೇರಿದರು.

ಹಕ್ಕಿಪಿಕ್ಕಿಗಳ ಈ ಪ್ರಸಂಗವು ನಾನು ಹೇಳಬೇಕೆಂದಿರುವುದರ ತಿರುಳನ್ನು ಸ್ಪಷ್ಟಪಡಿಸುತ್ತದೆ. ಸಂಚಾರಿಗಳಿಗೆ ಸಂಪರ್ಕವೆಂಬುದು ವಿನೋದಕ್ಕಾಗಿ ಬೇಕಾದ ಆಭರಣವಲ್ಲ, ಅದು ಜೀವರಕ್ಷೆ. ಮತ್ತು ಸಂಪರ್ಕ ದೊರೆತೊಡನೆ ಅವರು ಮತ್ತೆ ತಮ್ಮ ಪ್ರಾಚೀನ ಸ್ಥಾನಕ್ಕೆ, ಅಂದರೆ ವಾರ್ತೆಯನ್ನು ಕೊಡುವವರ ಸ್ಥಾನಕ್ಕೆ, ಏರಿದರು: ದೂರದ ಯುದ್ಧದಲ್ಲಿ ಸಿಲುಕಿದವರ ಪಾಡನ್ನು ಕನ್ನಡಿಗರು ಕೇಳಿದ್ದು ತೈಲ ಮಾರುವ ಈ ಅಲೆಮಾರಿಗಳ ಬಾಯಿಂದಲೇ.

ಆದರೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲರಿಗೂ ಈ ಭಾಗ್ಯ ಸಮನಾಗಿ ಒದಗಿಲ್ಲ. ನಾಗರಹೊಳೆಯ ಅಂಚಿನ ಆನೆ ಶಿಬಿರಗಳನ್ನು ನೋಡಿ. ಪ್ರತಿವರ್ಷ ದಸರೆಗೆ ಮುನ್ನ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಮಾವುತರೂ ಕಾವಾಡಿಗರೂ ಹೆಂಡಿರು ಮಕ್ಕಳೊಡನೆ ಮೈಸೂರು ಅರಮನೆಯ ಆವರಣದ ತಾತ್ಕಾಲಿಕ ಬಿಡಾರಗಳಲ್ಲಿ ಎರಡು ತಿಂಗಳ ಹತ್ತಿರ ವಾಸಿಸುತ್ತಾರೆ. ಅವರ ಮಕ್ಕಳಿಗಾಗಿ ಅಲ್ಲಿಯೇ ಟೆಂಟ್ ಶಾಲೆ ನಡೆಯುತ್ತದೆ. ಆ ಎರಡು ತಿಂಗಳು ಜಗತ್ತೆಲ್ಲವೂ ಅವರ ಅಂಗೈಯಲ್ಲಿ. ಜಂಬೂಸವಾರಿ ಮುಗಿದು ಕಾಡಿನ ಶಿಬಿರಕ್ಕೆ ಮರಳಿದ ಮೇಲೆ ದಟ್ಟವಾದ ಮರಗಳೂ ದೂರದ ಗೋಪುರಗಳೂ ಆ ಸಂಪರ್ಕವನ್ನು ಕ್ಷೀಣಗೊಳಿಸುತ್ತವೆ. ಕಾಡಿನೊಳಗಿನ ಹಾಡಿಗಳದೂ ಇದೇ ಪಾಡು. ಹಾಡಿಯವರಲ್ಲಿ ಹಲವರು ಕಬಿನಿ ಜಲಾಶಯಕ್ಕಾಗಿ, ಅನಂತರ ರಾಷ್ಟ್ರೀಯ ಉದ್ಯಾನಕ್ಕಾಗಿ ಒಕ್ಕಲೆದ್ದವರು. ಇಚ್ಛೆಯಿಲ್ಲದೆ ಅಲೆಮಾರಿಗಳಾದವರ ಋಣ ನಾಗರಿಕ ಸಮಾಜದ ಮೇಲೆ ಎರಡು ಪಟ್ಟು.

ಈ ಋಣವನ್ನು ತೀರಿಸುವ ಸಣ್ಣದಾದರೂ ಸಾರ್ಥಕವಾದ ಯತ್ನ ಹೆಗ್ಗಡದೇವನಕೋಟೆಯ ಕಡೆಯಲ್ಲಿಯೇ ನಡೆದಿದೆ. 1984ರಲ್ಲಿ ಸ್ಥಾಪಿತವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು 2012ರಲ್ಲಿ ಸರಗೂರಿನಿಂದ ಜನಧ್ವನಿ ಎಂಬ ಸಮುದಾಯ ಬಾನುಲಿಯನ್ನು 90.8 ಮೆಗಾಹರ್ಟ್ಸ್‌ನಲ್ಲಿ ಆರಂಭಿಸಿತು. ಸಮುದಾಯ ಬಾನುಲಿಯ ಶಕ್ತಿ ಅಲ್ಪ, ವ್ಯಾಪ್ತಿ ಕೆಲವೇ ಕಿಲೋಮೀಟರು. ಆದರೆ ಸೆಲ್ಲಿನ ರೇಡಿಯೋ ಒಂದಿದ್ದರೆ ಅದಕ್ಕೆ ರೀಚಾರ್ಜು ಬೇಡ, ವಿಳಾಸದ ದಾಖಲೆ ಬೇಡ, ಮುಂಗಡ ಹಣ ಬೇಡ. ಹಾಡಿಯವರ ಮಾತು ಹಾಡಿಯವರಿಗೇ ಗಾಳಿಯಲ್ಲಿ ಮರಳಿ ಬರುವಂತಾದುದು ಗೋಪಾಲಸ್ವಾಮಿಯವರ ಮನೆಯ ಪ್ರಸಾರದ ಆದರ್ಶಕ್ಕೆ ನಿಜವಾದ ಮುಂದುವರಿಕೆ.

ಇನ್ನು ಮುಂದೆ ಭೂಮಿಗೆ ಸಮೀಪದಲ್ಲಿ, ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸಾವಿರಾರು ಸಂಖ್ಯೆಯಲ್ಲಿ ಸುತ್ತುವ ಸಣ್ಣ ಉಪಗ್ರಹಗಳಿಂದ ನೇರವಾಗಿ ಇಂಟರ್ನೆಟ್ ಪಡೆಯುವ ಕಾಲ ಬರಲಿದೆ. ಹೊರದೇಶಗಳ ಮೋಟಾರು ಮನೆಗಳು ಈಗಾಗಲೇ ಅದನ್ನು ಬಳಸುತ್ತಿವೆ. ಕಬಿನಿಯ ಹಿನ್ನೀರನ್ನು ನೋಡಲು ಬರುವ ಪ್ರವಾಸಿಗಳ ಸುಸಜ್ಜಿತ ಕಾರವಾನುಗಳಿಗೂ ಅದು ಬೇಗನೆ ಬರಬಹುದು. ಅದೇ ಹಿನ್ನೀರಿನ ದಡದ ಹಾಡಿಯ ಹುಡುಗ ಪರೀಕ್ಷೆಯ ಅರ್ಜಿಯನ್ನು ತುಂಬಲು ಸಂಕೇತವನ್ನರಸಿ ಮೈಲಿಗಟ್ಟಲೆ ನಡೆಯುವಂತಿದ್ದರೆ ಆ ತಂತ್ರಜ್ಞಾನದ ಪ್ರಗತಿ ಅಪೂರ್ಣವಾದುದು. ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸರ್ಕಾರವು 2022ರಲ್ಲಿ ಯೋಜನೆಯೊಂದನ್ನು ಅಂಗೀಕರಿಸಿತು. ಹಳ್ಳಿಯೆಂದು ಎಣಿಕೆಯಾಗದ ಬೀಡುಗಳನ್ನೂ, ಋತುವಿಗೊಮ್ಮೆ ಹುಟ್ಟಿ ಮರೆಯಾಗುವ ಬಿಡಾರಗಳನ್ನೂ ಇಂಥ ಯೋಜನೆಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮಾಡಬೇಕಾದುದು ಅಸಾಧ್ಯವಾದುದಲ್ಲ. ಚುಂಚನಕಟ್ಟೆಯಂಥ ಜಾತ್ರೆಯ ಮೈದಾನಗಳಲ್ಲಿ ಕುಡಿಯುವ ನೀರನ್ನೂ ದೀಪವನ್ನೂ ಏರ್ಪಡಿಸುವಂತೆಯೇ ಫೋನುಗಳಿಗೆ ಚಾರ್ಜು ಮಾಡುವ ಕಟ್ಟೆಯನ್ನೂ ಉಚಿತ ಸಂಪರ್ಕವನ್ನೂ ಪಂಚಾಯಿತಿಗಳು ಏರ್ಪಡಿಸಬಹುದು. ಆನೆ ಶಿಬಿರಗಳಿಗೂ ಹಾಡಿಗಳಿಗೂ ಅರಣ್ಯಕ್ಕೆ ಹಾನಿಯಾಗದಂತೆ ಸಂಪರ್ಕ ಕಲ್ಪಿಸುವ ದಾರಿಗಳು ತಂತ್ರಜ್ಞರಿಗೆ ತಿಳಿಯದವೇನೂ ಅಲ್ಲ. ವಿಳಾಸವಿಲ್ಲದವನ ಕಾಗದವನ್ನೂ ಜೋಪಾನವಾಗಿಟ್ಟು ಕೊಟ್ಟ ಅಂಚೆಯ ಧರ್ಮವನ್ನು ಮೊಬೈಲು ಕಂಪೆನಿಗಳೂ ಸರ್ಕಾರದ ಕಛೇರಿಗಳೂ ಕಲಿತು, ಡೇರೆಯವನ ಗುರುತನ್ನು ಅವನಿರುವಲ್ಲಿಯೇ ಬಂದು ಅಂಗೀಕರಿಸಬೇಕು. ವಾರ್ತೆಯನ್ನು ಶತಮಾನಗಳ ಕಾಲ ನಮ್ಮ ಮನೆಬಾಗಿಲಿಗೆ ಹೊತ್ತು ತಂದವರು ಅವರು. ಅವರ ಬೀಡಿನ ಬಾಗಿಲಿಗೆ ಅದನ್ನು ತಲುಪಿಸುವುದು ಈಗ ನೆಲೆನಿಂತ ನಮ್ಮೆಲ್ಲರ ಕರ್ತವ್ಯ. ಈ ನಾಲ್ಕು ತಾಲ್ಲೂಕುಗಳ ಜನಪ್ರತಿನಿಧಿಗಳೂ, ಪಂಚಾಯಿತಿಗಳ ಸದಸ್ಯರೂ, ಓದುಬಲ್ಲ ಪ್ರತಿಯೊಬ್ಬ ಮಹನೀಯರೂ ಇದನ್ನು ದಾನವೆಂದು ಎಣಿಸದೆ, ಬಹುದಿನಗಳಿಂದ ಬಾಕಿ ನಿಂತಿರುವ ಸಾಲವೆಂದು ತಿಳಿದು ತೀರಿಸಬೇಕೆಂದು ನನ್ನ ವಿಜ್ಞಾಪನೆ.